ಗೊಂತಿನಿಂದ ಗರ್ಭದವರೆಗೆ

ವರ್ಷಕ್ಕೆ 365 ದಿನ. ಹಸು ಗಬ್ಬವಾಗಿರುವುದು ಸುಮಾರು 280 ದಿನ. ಕಳೆದರೆ ಉಳಿಯುವುದು 85. ವರ್ಷಕ್ಕೊಂದು ಕರು ಬೇಕೆನ್ನುವವರಿಗೆ ಪ್ರಕೃತಿ ಕೊಟ್ಟಿರುವ ವಾಯಿದೆ ಇಷ್ಟೇ. ಇದರಲ್ಲೂ ಮೊದಲ 45 ದಿನ ಗರ್ಭಕೋಶ ಕುಗ್ಗಿ, ಒಳಗೆಲ್ಲ ಶುದ್ಧವಾಗಿ, ಹಳೆಯ ಗಾತ್ರಕ್ಕೆ ಮರಳುವುದಕ್ಕೇ ಬೇಕು. ಮಿಕ್ಕ 40 ದಿನಗಳಲ್ಲಿ ಹಸು ಬೆದೆಗೆ ಬರುವುದು ಹೆಚ್ಚೆಂದರೆ ಎರಡು ಸಲ. ಒಂದು ಕಣ್ಣಿಗೆ ಬೀಳಲಿಲ್ಲ, ಇನ್ನೊಂದರಲ್ಲಿ ಗಬ್ಬ ನಿಲ್ಲಲಿಲ್ಲ ಎಂದರೆ ಆ ವರ್ಷದ ಲೆಕ್ಕ ತಪ್ಪಿತು.

ಹೀಗೆ ತಪ್ಪಿದ ಲೆಕ್ಕ ತುಟ್ಟಿಯಾಗುತ್ತದೆ. ಎರಡು ಕರುಗಳ ನಡುವೆ 18 ತಿಂಗಳ ಅಂತರ ಬಿದ್ದರೆ ಮೂರು ವರ್ಷಕ್ಕೆ ಎರಡೇ ಕರು. 12-13 ತಿಂಗಳಿಗೆ ಇಳಿಸಿದರೆ ಹೆಚ್ಚುಕಡಿಮೆ ಮೂರು. ವ್ಯತ್ಯಾಸ ಬರೀ ಒಂದು ಕರುವಿನದಲ್ಲ. ಕರು ಹಾಕಿದ ಮೊದಲ ಮೂರು ನಾಲ್ಕು ತಿಂಗಳೇ ಹಾಲಿನ ಸುಗ್ಗಿ; ಅಂಥ ಒಂದು ಸುಗ್ಗಿಯೇ ಕೈತಪ್ಪುತ್ತದೆ. ಹಾಲು ಇಳಿದ ಹಸುವಿಗೂ ಮೇವು, ಹಿಂಡಿ ತಪ್ಪಿಸುವಂತಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಂಥ ಮಳೆ ಕೈಕೊಡುವ ಸೀಮೆಯಲ್ಲಿ ಡೇರಿಯ ಬಟವಾಡೆಯೇ ಎಷ್ಟೋ ಮನೆಗಳ ದಿನಸಿ, ಮಕ್ಕಳ ಫೀಜು. ‘ಮೂರು ಸಲ ಸೂಜಿ ಹಾಕಿಸಿದೆವು, ನಿಲ್ಲಲೇ ಇಲ್ಲ’ ಎಂದು ಹತಾಶರಾಗಿ ಒಳ್ಳೆಯ ಹಸುವನ್ನು ಸಂತೆಗೆ ಹೊಡೆಯುವವರ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ಸಿಗುವುದಿಲ್ಲ.

ಹಾಗೆ ಹೇಳುವಾಗ ತಪ್ಪೆಲ್ಲ ವೀರ್ಯದ ಮೇಲೆ, ಇಲ್ಲವೇ ಕೃತಕ ಗರ್ಭಧಾರಣೆಯ ಸೂಜಿ ಹಾಕಿದವರ ಕೈಗುಣದ ಮೇಲೆ ಬೀಳುತ್ತದೆ. ಅಲ್ಲೂ ತಪ್ಪಾಗುವುದುಂಟು. ಆದರೆ ಬಹಳಷ್ಟು ಹಸುಗಳಲ್ಲಿ ಗಬ್ಬ ನಿಲ್ಲುತ್ತದೋ ಇಲ್ಲವೋ ಎಂಬುದು ಸೂಜಿ ಹಾಕುವ ದಿನಕ್ಕಿಂತ ಎರಡು ಮೂರು ತಿಂಗಳು ಮೊದಲೇ, ಗೊಂತಿನ ಮುಂದೆ ತೀರ್ಮಾನವಾಗತೊಡಗಿರುತ್ತದೆ. ಇದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಹಾಲು ಮೊದಲು, ಗಬ್ಬ ಆಮೇಲೆ

400 ಕಿಲೋ ತೂಕದ ಒಂದು ಮಿಶ್ರತಳಿ ಹಸುವನ್ನು ತೆಗೆದುಕೊಳ್ಳೋಣ. ಉಸಿರಾಟ, ರಕ್ತಸಂಚಾರ, ಮೈಬಿಸಿ ಮುಂತಾಗಿ ತನ್ನ ದೇಹವನ್ನು ನಡೆಸಿಕೊಳ್ಳಲು ಅದಕ್ಕೆ ದಿನಕ್ಕೆ ಸುಮಾರು 7 ಸಾವಿರ ಕಿಲೋಕ್ಯಾಲರಿ ಶಕ್ತಿ ಸಾಕು. ಅದೇ ಹಸು 15 ಲೀಟರ್ ಹಾಲು ಕೊಟ್ಟರೆ ಆ ಹಾಲಿನ ಜೊತೆ ಹೊರಗೆ ಹೋಗುವುದು ಸುಮಾರು 11 ಸಾವಿರ ಕಿಲೋಕ್ಯಾಲರಿ. ತಾನು ಬದುಕಲು ಬೇಕಾದದ್ದರ ಒಂದೂವರೆ ಪಟ್ಟನ್ನು ಹಸು ನಮ್ಮ ಕ್ಯಾನಿಗೆ ಸುರಿಯುತ್ತದೆ.

ಇಷ್ಟನ್ನು ತಿಂದೇ ತುಂಬಿಕೊಳ್ಳಬಹುದಿತ್ತು, ಹಸಿವು ಜೊತೆಗೂಡಿದ್ದರೆ. ತೊಡಕಿರುವುದು ಅಲ್ಲೇ. ಕರು ಹಾಕಿದ ನಾಲ್ಕರಿಂದ ಎಂಟು ವಾರದೊಳಗೆ ಹಾಲು ತುತ್ತತುದಿ ಮುಟ್ಟುತ್ತದೆ. ಹಸುವಿನ ಮೇಯುವ ಶಕ್ತಿ ತುದಿ ಮುಟ್ಟಲು ಹತ್ತು ಹನ್ನೆರಡು ವಾರ ಬೇಕು. ನಡುವಿನ ವಾರಗಳಲ್ಲಿ ಆದಾಯಕ್ಕಿಂತ ಖರ್ಚು ಹೆಚ್ಚು. ಕೊರತೆಯನ್ನು ಹಸು ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ.

ಕೈ ಬಿಗಿಯಾದ ಮನೆಯಲ್ಲಿ ಅಕ್ಕಿ, ಔಷಧಿ ಮೊದಲಾಗಿ, ಮದುವೆ ಮುಂದಿನ ವರ್ಷಕ್ಕೆ ಹೋಗುವಂತೆ, ಹಸುವಿನ ದೇಹವೂ ಆದ್ಯತೆಯ ಪಟ್ಟಿ ಮಾಡುತ್ತದೆ. ಮೊದಲು ಜೀವ, ಆಮೇಲೆ ಮಡಿಲಲ್ಲಿರುವ ಕರುವಿಗೆ ಹಾಲು. ಇನ್ನೂ ಹುಟ್ಟದ ಕರು ಕೊನೆಗೆ. ಈ ತೀರ್ಮಾನ ಆಗುವುದು ಮೆದುಳಿನಲ್ಲಿ. ರಕ್ತದಲ್ಲಿ ಗ್ಲೂಕೋಸ್, ಇನ್ಸುಲಿನ್ ಇಳಿದಿವೆ ಎಂಬ ಸುದ್ದಿ ತಲುಪಿದಾಗ ಅಂಡಾಶಯವನ್ನು ಎಬ್ಬಿಸುವ ಎಲ್‌ಎಚ್ ಹಾರ್ಮೋನಿನ ಮಿಡಿತಗಳು ವಿರಳವಾಗುತ್ತವೆ. ಅಂಡಾಣುವನ್ನು ಹೊತ್ತ ಪುಟ್ಟ ಗುಳ್ಳೆ, ಅಂದರೆ ಫಾಲಿಕಲ್, ಬೆಳೆಯುತ್ತದೆ. ಆದರೆ ಒಡೆಯುವ ಹಂತ ಮುಟ್ಟದೆ ಅರ್ಧದಲ್ಲೇ ಸೊರಗುತ್ತದೆ. ಹಸು ಬೆದೆಗೇ ಬರುವುದಿಲ್ಲ. ಬಂದರೂ ಲಕ್ಷಣ ಮಂಕಾಗಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಫಾಲಿಕಲ್ ಒಂದೆರಡು ವಾರದಲ್ಲಿ ತಯಾರಾಗುವ ವಸ್ತುವಲ್ಲ. ಸುಪ್ತಾವಸ್ಥೆಯಿಂದ ಎದ್ದು, ಅಂಡಾಣು ಬಿಡುಗಡೆಯಾಗುವ ತನಕ ಅದಕ್ಕೆ ಎರಡು ತಿಂಗಳಿಗೂ ಮಿಕ್ಕು ಹಿಡಿಯುತ್ತದೆ. 1992ರಲ್ಲಿ ಅಮೆರಿಕದ ವಿಜ್ಞಾನಿ ಜ್ಯಾಕ್ ಬ್ರಿಟ್ ಈ ಕಾಲಗಣನೆಯನ್ನು ಹಿಡಿದು ಒಂದು ವಾದ ಮುಂದಿಟ್ಟರು. ಕರು ಹಾಕಿ 80 ದಿನವಾದ ಹಸುವಿಗೆ ನಾವು ಸೂಜಿ ಹಾಕಿಸಿದಾಗ ಬಿಡುಗಡೆಯಾಗುವ ಅಂಡಾಣು, ಬೆಳೆಯತೊಡಗಿದ್ದು ಹಸು ಅತ್ಯಂತ ಸೊರಗಿದ್ದ ಮೊದಲ ವಾರಗಳಲ್ಲಿ. ಆ ಕೊರತೆಯ ಗುರುತು ಅಂಡಾಣುವಿನ ಗುಣಮಟ್ಟದ ಮೇಲೆ ಉಳಿದಿರುತ್ತದೆ ಎಂದರು. ಕರು ಹಾಕಿದ ಮೇಲೆ ತೀರಾ ಇಳಿದುಹೋದ ಹಸುಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆ ಎಂಬುದಕ್ಕೆ ಈ ವಾದ ಒಂದು ಕಾರಣ ಒದಗಿಸಿತು. ಬೆದೆಗೆ ಬಂದ ದಿನ ಬಕೆಟ್ ತುಂಬ ಹಿಂಡಿ ಇಟ್ಟರೆ ಫಲವಿಲ್ಲದಿರುವುದು ಏಕೆಂದು ಇದರಿಂದ ತಿಳಿಯುತ್ತದೆ.

ಬೆನ್ನು ಮುಟ್ಟಿ ನೋಡಿ

ಹಸುವಿನ ಉಳಿತಾಯ ಎಷ್ಟಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ, ಅಂಗೈ ಸಾಕು. ಹಸುವಿನ ಹಿಂದೆ ನಿಂತು ಬಾಲದ ಬುಡ ನೋಡಿ. ಬಾಲದ ಎರಡೂ ಪಕ್ಕ ಆಳವಾದ ಗುಳಿ ಬಿದ್ದು, ಪೃಷ್ಠದ ಮೂಳೆಗಳು ಚೂಪಾಗಿ ಎದ್ದು ಕಂಡರೆ ಮೈಯಲ್ಲಿ ಕೊಬ್ಬಿಲ್ಲ. ಆಮೇಲೆ ಸೊಂಟದ ಎತ್ತರದ ಮೂಳೆಗೂ ಕೊನೆಯ ಪಕ್ಕೆಲುಬಿಗೂ ನಡುವೆ, ಬೆನ್ನಿನ ಅಂಚಿನಲ್ಲಿ ಅಂಗೈ ಇಡಿ. ಅಲ್ಲಿ ಅಡ್ಡಡ್ಡ ಚಾಚಿದ ಮೂಳೆಗಳ ತುದಿ ಒಂದೊಂದೂ ಚುಚ್ಚಿದಂತೆ ಬೆರಳಿಗೆ ಸಿಕ್ಕರೆ ಹಸು ಬಡಕಲು. ಸ್ವಲ್ಪ ಒತ್ತಿದಾಗ ಸಿಕ್ಕರೆ ಹದ. ಎಷ್ಟು ಒತ್ತಿದರೂ ಸಿಗದಿದ್ದರೆ ಕೊಬ್ಬು ಮಿತಿಮೀರಿದೆ.

ಪಶುವೈದ್ಯರು ಇದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಕರು ಹಾಕುವ ಹೊತ್ತಿಗೆ 3ರಿಂದ 3.5 ಅಂಕದ ಹಸು ಸರಿಯಾದ ಸ್ಥಿತಿಯಲ್ಲಿದೆ. ಆಮೇಲೆ ಅರ್ಧ ಅಂಕ ಇಳಿದರೆ ಸಹಜ. ಒಂದು ಅಂಕಕ್ಕಿಂತ ಹೆಚ್ಚು ಕುಸಿದ ಹಸುವಿನಲ್ಲಿ ಬೆದೆ ತಡವಾಗುತ್ತದೆ, ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ. 4ರ ಮೇಲಿರುವ ಕೊಬ್ಬಿದ ಹಸು ಸುರಕ್ಷಿತ ಎಂದುಕೊಳ್ಳಬೇಡಿ. ಅದು ಕರು ಹಾಕಿದ ಮೇಲೆ ಮೇವು ಮುಟ್ಟುವುದೇ ಕಡಿಮೆ. ಕೊಬ್ಬು ಒಮ್ಮೆಗೇ ಕರಗಿ ಯಕೃತ್ತಿಗೆ ನುಗ್ಗುತ್ತದೆ, ಕೀಟೋಸಿಸ್ ಎಂಬ ಕಾಯಿಲೆ ಬರುತ್ತದೆ.

ಹಾಗಾಗಿ ಮುಂದಿನ ಗಬ್ಬದ ತಯಾರಿ ಶುರುವಾಗಬೇಕಾದ್ದು ಹಸು ಇನ್ನೂ ತುಂಬು ಗಬ್ಬವಿರುವಾಗ. ಕರು ಹಾಕುವುದಕ್ಕೆ 60 ದಿನ ಮೊದಲು ಹಾಲು ಬತ್ತಿಸಬೇಕು. ಹಾಲು ಕೊಡದ ಹಸುವಿಗೆ ಹಿಂಡಿ ಯಾಕೆ ಎಂದು ಬರೀ ಒಣಹುಲ್ಲಿಗೆ ಬಿಡುವುದು ನಮ್ಮಲ್ಲಿ ಬಹಳ ರೂಢಿ. ಹೊಟ್ಟೆಯ ಕರು ಅತಿ ವೇಗವಾಗಿ ಬೆಳೆಯುವುದೂ, ಕೆಚ್ಚಲು ಹೊಸದಾಗಿ ತಯಾರಾಗುವುದೂ ಈ ಎರಡು ತಿಂಗಳಲ್ಲೇ. ಆಗ ದೇಹಪೋಷಣೆಯ ಆಹಾರದ ಮೇಲೆ ದಿನಕ್ಕೆ ಒಂದೂವರೆ ಎರಡು ಕಿಲೋ ಪಶು ಆಹಾರ ಹೆಚ್ಚಿಗೆ ಕೊಟ್ಟರೆ ಅದು ಕರುವಿಗೂ, ಬರುವ ಹಾಲಿಗೂ, ಅದರಾಚೆಯ ಗಬ್ಬಕ್ಕೂ ಸಲ್ಲುತ್ತದೆ.

ಗೊಂತಿಗೆ ಏನು ಬೀಳಬೇಕು

ಹಸು ದಿನಕ್ಕೆ ತನ್ನ ತೂಕದ ಶೇಕಡಾ 3ರಷ್ಟು ಒಣಪದಾರ್ಥ, ಅಂದರೆ ನೀರಿನಂಶ ಕಳೆದ ಮೇವು, ತಿನ್ನಬಲ್ಲದು. 400 ಕಿಲೋದ ಹಸುವಿಗೆ 12 ಕಿಲೋ. ಹೊಟ್ಟೆಯ ಅಳತೆ ಇಷ್ಟೇ ಇರುವಾಗ ಆ ಜಾಗವನ್ನು ಯಾವುದರಿಂದ ತುಂಬುತ್ತೇವೆ ಎಂಬುದೇ ಮುಖ್ಯ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇಕಡಾ 3-4 ಮಾತ್ರ, ಶಕ್ತಿಯೂ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ರಾಗಿ ಹುಲ್ಲು ಇದಕ್ಕಿಂತ ಮೇಲು, ಸುಣ್ಣದಂಶವೂ ಚೆನ್ನಾಗಿದೆ. ಆದರೆ ರಂಜಕ ಎರಡರಲ್ಲೂ ಕಡಿಮೆ. ಒಣಹುಲ್ಲನ್ನೇ ನಂಬಿದ ಹಸುವಿಗೆ ವಿಟಮಿನ್ ಎ ಕೂಡ ಸಿಗುವುದಿಲ್ಲ, ಏಕೆಂದರೆ ಅದಕ್ಕೆ ಮೂಲವಾದ ಕೆರೋಟಿನ್ ಇರುವುದು ಹಸಿರಿನಲ್ಲಿ.

ದಿನಕ್ಕೆ 25-30 ಕಿಲೋ ಹಸಿಮೇವು ಸಿಕ್ಕರೆ ಅರ್ಧ ಸಮಸ್ಯೆ ತೀರಿತು. ಅದರಲ್ಲೂ ನೇಪಿಯರ್, ಮೇವಿನ ಜೋಳದಂಥ ಏಕದಳದ ಜೊತೆ ಅಲಸಂದೆ, ಕುದುರೆ ಮಸಾಲೆ ಸೊಪ್ಪಿನಂಥ ದ್ವಿದಳ ಸೇರಬೇಕು. ನೀರಿಲ್ಲದವರು ಬದುವಿನ ಮೇಲೆ ಅಗಸೆ, ಗ್ಲಿರಿಸಿಡಿಯ ಹಾಕಿಕೊಳ್ಳಬಹುದು. ಮಳೆಗಾಲದ ಮುಸುಕಿನ ಜೋಳವನ್ನು ರಸಮೇವು ಮಾಡಿಟ್ಟರೆ ಬೇಸಿಗೆಗೆ ಆಸರೆ. ಪಶು ಆಹಾರಕ್ಕೆ ಸರಳ ಸೂತ್ರ: ದೇಹಪೋಷಣೆಗೆ ಒಂದೂವರೆ ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. 15 ಲೀಟರಿನ ಹಸುವಿಗೆ ಏಳೂವರೆ ಕಿಲೋ ಆಯಿತು. ಇದನ್ನು ಒಂದೇ ಸಲಕ್ಕೆ ಸುರಿದರೆ ಮೊದಲ ಹೊಟ್ಟೆಯಲ್ಲಿ ಆಮ್ಲ ಏರಿ ಹಸು ಮೇವು ಬಿಡುತ್ತದೆ. ಮೂರು ನಾಲ್ಕು ಭಾಗ ಮಾಡಿ ಕೊಡಬೇಕು. ಕರು ಹಾಕಿದ ಮಾರನೆಯ ದಿನದಿಂದಲೇ ಪೂರ್ತಿ ಪ್ರಮಾಣಕ್ಕೆ ಹಾರದೆ, ಎರಡು ವಾರದಲ್ಲಿ ಹಂತಹಂತವಾಗಿ ಏರಿಸಬೇಕು.

ಅತಿಯಾದರೆ ಪ್ರೋಟೀನೂ ತೊಂದರೆಯೇ. ಹಿಂಡಿ ಹೆಚ್ಚಾಗಿ, ಅದನ್ನು ಬಳಸಿಕೊಳ್ಳಲು ಬೇಕಾದ ಜೋಳದ ನುಚ್ಚಿನಂಥ ಶಕ್ತಿಯ ಆಹಾರ ಕಡಿಮೆಯಾದರೆ, ಮಿಕ್ಕ ಪ್ರೋಟೀನ್ ಅಮೋನಿಯವಾಗಿ ಆಮೇಲೆ ಯೂರಿಯಾ ಆಗಿ ರಕ್ತಕ್ಕೆ ಸೇರುತ್ತದೆ. ಯೂರಿಯಾ ಏರಿದಾಗ ಗರ್ಭಕೋಶದ ಒಳಗಿನ ಪರಿಸರ ಬದಲಾಗಿ ಎಳೆಯ ಭ್ರೂಣಕ್ಕೆ ಒಗ್ಗುವುದಿಲ್ಲ.

ಇನ್ನು ಖನಿಜಗಳು. ಲೆಕ್ಕದಲ್ಲಿ ಗ್ರಾಮು, ಮಿಲಿಗ್ರಾಮಿನ ವಿಷಯವಾದರೂ ಪರಿಣಾಮ ದೊಡ್ಡದು. ರಂಜಕ ಕಡಿಮೆಯಾದರೆ ಬೆದೆ ತಡ. ತಾಮ್ರ, ಸತು, ಮ್ಯಾಂಗನೀಸ್ ಸಾಲದಿದ್ದರೆ ಲಕ್ಷಣ ತೋರದ ಮೂಗಬೆದೆ, ಸೂಜಿ ಹಾಕಿಸಿದರೂ ಪದೇ ಪದೇ ಬೆದೆಗೆ ತಿರುಗುವುದು. ಸೆಲೆನಿಯಂ, ವಿಟಮಿನ್ ಇ ಇಲ್ಲದಿದ್ದರೆ ಸತ್ತೆ ಬೀಳುವುದಿಲ್ಲ. ಮಣ್ಣು ಯಾವುದರಲ್ಲಿ ಬಡವೋ ಅಲ್ಲಿ ಬೆಳೆದ ಮೇವೂ, ಅದನ್ನು ಮೇದ ಹಸುವೂ ಅದರಲ್ಲಿ ಬಡವೇ. ಈ ಕಾರಣಕ್ಕೆ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಆಯಾ ಪ್ರದೇಶದ ಮಣ್ಣು, ಮೇವು, ಪಶುಗಳನ್ನು ಪರೀಕ್ಷಿಸಿ ಅಲ್ಲಲ್ಲಿಗೆ ಹೊಂದುವ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಹಾಲು ಕೊಡುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ. ಗಬ್ಬ ನಿಲ್ಲದಾಗ ಒಂದು ತಿಂಗಳು ಕೊಟ್ಟು ನಿಲ್ಲಿಸುವ ಔಷಧಿ ಇದಲ್ಲ, ಉಪ್ಪಿನಂತೆ ದಿನವೂ ಬೇಕಾದದ್ದು.

ಒಂದು ಬೆದೆ, 21 ದಿನ

ಇಷ್ಟೆಲ್ಲ ಸರಿಯಿದ್ದು ಹಸು ಬೆದೆಗೆ ಬಂದರೂ ಅದು ಯಾರ ಕಣ್ಣಿಗಾದರೂ ಬೀಳಬೇಕು. ಬೆದೆ ಮರಳುವುದು 18ರಿಂದ 24 ದಿನಕ್ಕೆ, ಸರಾಸರಿ 21. ಇರುವುದು 12ರಿಂದ 18 ಗಂಟೆ. ಬೇರೆ ಹಸು ತನ್ನ ಮೇಲೇರಿದಾಗ ಕದಲದೆ ನಿಲ್ಲುವುದೇ ಬೆದೆಯ ಖಚಿತ ಗುರುತು. ಆದರೆ ನಮ್ಮ ಕೊಟ್ಟಿಗೆಗಳಲ್ಲಿ ಒಂದೋ ಎರಡೋ ಹಸು, ಅವೂ ಹಗ್ಗಕ್ಕೆ ಕಟ್ಟಿದವು. ಆ ಗುರುತು ಕಾಣುವುದೆಂತು? ಮಿಕ್ಕ ಸೂಚನೆಗಳನ್ನೇ ಹಿಡಿಯಬೇಕು: ಸುಮ್ಮಸುಮ್ಮನೆ ಕೂಗು, ಮೇವಿನಲ್ಲಿ ಅನಾಸಕ್ತಿ, ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಆಗಾಗ ಗಂಜಲ, ಕೆಂಪೇರಿ ಊದಿಕೊಂಡ ಯೋನಿದ್ವಾರ, ಮೊಟ್ಟೆಯ ಬಿಳಿಲೋಳೆಯಂತೆ ತಿಳಿಯಾಗಿ ಎಳೆಯೆಳೆಯಾಗಿ ಇಳಿಬೀಳುವ ಸೋರು. ಹಸು ಮಲಗೆದ್ದ ಜಾಗ, ಬಾಲದ ಬುಡ, ತೊಡೆ ನೋಡಿದರೆ ಈ ಲೋಳೆ ಕಾಣುತ್ತದೆ. ಲೋಳೆ ಮಬ್ಬಾಗಿದ್ದರೆ, ಕೀವು ಬೆರೆತಿದ್ದರೆ ಸೂಜಿ ಹಾಕಿಸುವ ಮಾತು ಬಿಟ್ಟು ವೈದ್ಯರಿಗೆ ತೋರಿಸಬೇಕು, ಗರ್ಭಕೋಶದಲ್ಲಿ ಸೋಂಕಿದೆ.

ಬೆದೆ ಮುಗಿದು ಒಂದೆರಡು ದಿನಕ್ಕೆ ಕೆಲವು ಹಸುಗಳು ಸ್ವಲ್ಪ ರಕ್ತ ಸೋರುತ್ತವೆ. ಗಬ್ಬ ನಿಲ್ಲಲಿಲ್ಲ ಎನ್ನುವುದಕ್ಕೆ ಇದೇ ಗುರುತೆಂದು ಹಲವರು ನಂಬಿದ್ದಾರೆ. ಅದು ಹಾಗಲ್ಲ. ಹಾರ್ಮೋನ್ ಇಳಿದಾಗ ಗರ್ಭಕೋಶದ ಒಳಪದರದಿಂದ ಬರುವ ರಕ್ತವದು. ಬೆದೆ ಆಗಿಹೋಯಿತು ಎಂದಷ್ಟೇ ಅದರ ಅರ್ಥ. ಸೂಜಿ ಹಾಕಿಸದ ಹಸುವಿನಲ್ಲಿ ರಕ್ತ ಕಂಡರೆ ಅಂದಿನಿಂದ 18-19 ದಿನ ಎಣಿಸಿ ಕಾಯಬೇಕು. ತಪ್ಪಿದ ಬೆದೆಯೂ ಹೀಗೆ ಮುಂದಿನದರ ತಾರೀಕು ಹೇಳಿಹೋಗುತ್ತದೆ.

ಸೂಜಿ ಹಾಕಿಸುವ ಹೊತ್ತಿಗೂ ಲೆಕ್ಕವಿದೆ. ಬೆದೆ ಮುಗಿದ 10-12 ಗಂಟೆಯ ಮೇಲೆ ಅಂಡಾಣು ಬಿಡುಗಡೆಯಾಗುತ್ತದೆ, ಬಿಡುಗಡೆಯಾದ ಮೇಲೆ ಅದರ ಆಯಸ್ಸು 12 ಗಂಟೆಯೂ ಇರುವುದು ಕಷ್ಟ. ವೀರ್ಯಾಣುಗಳು ಒಂದು ದಿನ ಬದುಕುತ್ತವೆ, ಆದರೆ ಪಕ್ವವಾಗಲು ಕೆಲವು ಗಂಟೆ ಗರ್ಭನಾಳದಲ್ಲಿ ಕಳೆಯಬೇಕು. ಈ ಎರಡನ್ನೂ ಹೊಂದಿಸಿ 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರಿಂಬರ್ಗರ್ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತಿದೆ: ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಗ್ಗೆ.

ಒಂದು ಲೆಕ್ಕ ಮಾಡಿ ನೋಡೋಣ. ಊರಿನಲ್ಲಿ ಗಬ್ಬವಾಗಬೇಕಾದ 100 ಹಸುಗಳಿವೆ ಎಂದುಕೊಳ್ಳಿ. ಅರ್ಧದಷ್ಟರ ಬೆದೆ ಮಾತ್ರ ಕಣ್ಣಿಗೆ ಬಿದ್ದು, ಸೂಜಿ ಹಾಕಿಸಿದವುಗಳಲ್ಲಿ ಶೇಕಡಾ 40 ನಿಂತರೆ 21 ದಿನದಲ್ಲಿ ಗಬ್ಬವಾದದ್ದು 20. ವೀರ್ಯ, ಸೂಜಿ, ವೈದ್ಯರು ಯಾವುದನ್ನೂ ಬದಲಿಸದೆ, 80 ಹಸುಗಳ ಬೆದೆ ಗುರುತಿಸಿದರೆ ಅದು 32. ಬೆಳಗಿನ ಜಾವ, ಸಂಜೆ, ಮಲಗುವ ಮುನ್ನ ಅರ್ಧರ್ಧ ಗಂಟೆ ಹಸುವಿನ ಹಿಂದೆ ಕಣ್ಣಿಟ್ಟರೆ ಬರುವ ಲಾಭವಿದು. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಹಸು ಹಗಲೆಲ್ಲ ತೇಕುತ್ತಾ ನಿಂತು, ಬೆದೆಯನ್ನು ತೋರಿಸಿದರೆ ರಾತ್ರಿ ತಂಪಿನಲ್ಲಿ ಮಾತ್ರ.

ಹದಿನಾರನೆಯ ದಿನ

ಸೂಜಿ ಹಾಕಿಸಿ ಮೂರು ವಾರಕ್ಕೆ ಹಸು ಮತ್ತೆ ಬೆದೆಗೆ ಬಂದರೆ, ‘ಹಿಡಿಯಲಿಲ್ಲ’ ಎನ್ನುತ್ತೇವೆ. ನಿಜವಾಗಿ ಎಷ್ಟೋ ಸಲ ಹಿಡಿದೇ ಇರುತ್ತದೆ. ಅಂಡಾಣು, ವೀರ್ಯಾಣು ಕೂಡಿ ಭ್ರೂಣವಾಗಿರುತ್ತದೆ, ಆಮೇಲೆ ಅಳಿದಿರುತ್ತದೆ.

ಗರ್ಭಕೋಶ ಸುಮ್ಮನೆ ಕಾಯುವುದಿಲ್ಲ. ಸುಮಾರು 16ನೆಯ ದಿನದ ಹೊತ್ತಿಗೆ ಅದು ಪ್ರಾಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡಲು ಸಜ್ಜಾಗುತ್ತದೆ. ಅಂಡಾಶಯದಲ್ಲಿ ಗರ್ಭರಕ್ಷಕ ಪ್ರೊಜೆಸ್ಟರಾನ್ ಸುರಿಸುತ್ತಿರುವ ಹಳದಿ ಗಂಟನ್ನು ಈ ರಾಸಾಯನಿಕ ಕರಗಿಸುತ್ತದೆ. ಹಸು ಮತ್ತೆ ಬೆದೆಯತ್ತ ಹೊರಳುತ್ತದೆ. ಇದನ್ನು ತಡೆಯಬಲ್ಲದ್ದು ಭ್ರೂಣ ಒಂದೇ. ಎರಡನೆಯ ವಾರದ ಕೊನೆಗೆ ಕೆಲವೇ ಮಿಲಿಮೀಟರ್ ಇದ್ದ ಅದು ಮೂರು ನಾಲ್ಕು ದಿನದಲ್ಲಿ ದಾರದಂತೆ ಹಲವು ಸೆಂಟಿಮೀಟರ್ ಉದ್ದ ಚಾಚಿಕೊಂಡು, ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ತಾನಿರುವುದನ್ನು ತಾಯಿಗೆ ತಿಳಿಸುತ್ತದೆ. ಸುದ್ದಿ ಬಲವಾಗಿ ತಲುಪಿದರೆ ಪ್ರಾಸ್ಟಗ್ಲಾಂಡಿನ್ ನಿಲ್ಲುತ್ತದೆ, ಗಬ್ಬ ಉಳಿಯುತ್ತದೆ. ಭ್ರೂಣ ಸಣ್ಣದಾಗಿ ದನಿ ಕ್ಷೀಣವಾಗಿದ್ದರೆ ಹಸು ಅದನ್ನು ಅರಿಯದೆಯೇ ಮುಂದಿನ ಬೆದೆಗೆ ಹೋಗುತ್ತದೆ.

ಭ್ರೂಣ ಹೊತ್ತಿಗೆ ಸರಿಯಾಗಿ ಬೆಳೆಯಲು ಪ್ರೊಜೆಸ್ಟರಾನ್ ಧಾರಾಳವಾಗಿ ಬೇಕು. ಸೊರಗಿದ ಹಸುವಿನ ಹಳದಿ ಗಂಟು ದುರ್ಬಲ, ಸೊರಗಿದ ಫಾಲಿಕಲ್ಲಿನ ಅಂಡಾಣುವೂ ದುರ್ಬಲ. ಮೊದಲ ವಾರದಲ್ಲಿ ವಿಪರೀತ ಸೆಖೆ ತಾಗಿದರೂ ಭ್ರೂಣ ತಾಳುವುದಿಲ್ಲ. ಗೊಂತಿನಲ್ಲಿ ಶುರುವಾದ ಕಥೆ ಇಲ್ಲಿಗೆ ಬಂದು ಮುಟ್ಟುತ್ತದೆ. ಸೂಜಿ ಹಾಕಿಸಿದ ಮೊದಲ ವಾರಗಳಲ್ಲಿ ಹಸುವನ್ನು ಬಿಸಿಲಿನಲ್ಲಿ ನಡೆಸದೆ, ನೆರಳು, ನೀರು, ತಪ್ಪದ ಮೇವು ಕೊಡಬೇಕೆನ್ನುವುದು ಇದಕ್ಕೇ.

ತಾರೀಕು ಬರೆದಿಟ್ಟವರಿಗೆ ಇನ್ನೂ ಒಂದು ಲಾಭವಿದೆ. ಸೂಜಿ ಹಾಕಿಸಿದ ಹಸು 18-24 ದಿನಕ್ಕೆ ತಿರುಗಿದರೆ, ಫಲ ಕಟ್ಟಿಲ್ಲ ಅಥವಾ ಭ್ರೂಣ ಸುದ್ದಿ ಮುಟ್ಟಿಸುವ ಮೊದಲೇ ಅಳಿದಿದೆ. 30-35 ದಿನಕ್ಕೆ ತಿರುಗಿದರೆ ಗಬ್ಬ ನಿಂತು ಆಮೇಲೆ ಹೋಗಿರಬಹುದು. 42 ದಿನವಾದರೆ ನಡುವೆ ಒಂದು ಬೆದೆ ನಮ್ಮ ಕಣ್ಣು ತಪ್ಪಿಸಿದೆ. ವೈದ್ಯರ ಮುಂದೆ ಈ ತಾರೀಕುಗಳನ್ನು ಇಟ್ಟರೆ ಚಿಕಿತ್ಸೆಗೆ ದಾರಿ ಸಿಗುತ್ತದೆ. ಮೂರು ಸಲ ತಿರುಗಿದ ಹಸುವಿಗೆ ನಾಲ್ಕನೆಯ ಸೂಜಿಗಿಂತ ಮೊದಲು ಬೇಕಾದ್ದು ಪರೀಕ್ಷೆ. ಹಾಗೆಯೇ ತಿರುಗದ ಹಸುವೆಲ್ಲ ಗಬ್ಬವಲ್ಲ. 60 ದಿನಕ್ಕೆ ವೈದ್ಯರಿಂದ ತಪಾಸಣೆ ಮಾಡಿಸಿದರೆ ತಿಂಗಳುಗಟ್ಟಲೆ ಸುಳ್ಳು ನಂಬಿಕೆಯಲ್ಲಿ ಕಳೆಯುವುದು ತಪ್ಪುತ್ತದೆ.

ಹೋರಿಯ ಆಯ್ಕೆ

ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲಾದದ್ದು ನಮ್ಮ ನೆಲದಲ್ಲಿ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೈನ್ ಹೋರಿಯ ವೀರ್ಯ ಬಳಸಿ ಗಬ್ಬ ನಿಲ್ಲಿಸಿದರು. ಹತ್ತು ವರ್ಷಕ್ಕೆ, 1949ರಲ್ಲಿ, ಲಂಡನ್ನಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿದರೂ ಸಾಯುವುದಿಲ್ಲ ಎಂದು ಕಂಡುಕೊಂಡರು. ಇಂದು ಹಳ್ಳಿಗೆ ಬರುವ ಕಾಲು ಮಿಲಿಲೀಟರಿನ ನಳಿಕೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾದಿಟ್ಟದ್ದು. ಅದನ್ನು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸಬೇಕು. ಅಂಗೈಯಲ್ಲಿ ಉಜ್ಜಿ, ಜೇಬಿನಲ್ಲಿಟ್ಟು ಕರಗಿಸಿದರೆ ಬಹಳಷ್ಟು ವೀರ್ಯಾಣು ಅಲ್ಲೇ ಸಾಯುತ್ತವೆ. ನೀರು ಕಾಯಿಸಿ ಕೊಡುವುದು, ಹೀಗೇ ಕರಗಿಸಿ ಎಂದು ಕೇಳುವುದು ಹಸು ಸಾಕಿದವರ ಹಕ್ಕು.

ಹೆಚ್ಚು ಹಾಲಿನ ಬೆನ್ನು ಹತ್ತಿದ ತಳಿ ಅಭಿವೃದ್ಧಿ ಫಲವಂತಿಕೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಹೋಲ್‌ಸ್ಟೈನ್ ಹಸುಗಳ ಹಾಲು ಏರುತ್ತಾ ಹೋದಂತೆ ಗಬ್ಬ ನಿಲ್ಲುವ ಪ್ರಮಾಣ ಇಳಿಯುತ್ತಾ ಬಂತು. 2003ರಲ್ಲಿ ಅವರು ಹೋರಿಯ ಹೆಣ್ಣು ಸಂತಾನ ಎಷ್ಟು ಬೇಗ ಗಬ್ಬವಾಗುತ್ತದೆ ಎಂಬುದನ್ನೂ ಅಳೆಯತೊಡಗಿದರು. ನಾರ್ವೆ ಈ ಕೆಲಸವನ್ನು 1970ರ ದಶಕದ ಆರಂಭದಲ್ಲೇ ಶುರುಮಾಡಿತ್ತು. ಅಲ್ಲಿನ ಕೆಂಪು ಹಸುಗಳು ಫಲವಂತಿಕೆಗೆ ಇಂದಿಗೂ ಹೆಸರುವಾಸಿ.

ನಮ್ಮ ಸಣ್ಣ ಹಿಡುವಳಿಗೆ ಇದರಲ್ಲಿ ಪಾಠವಿದೆ. ಹಸಿಮೇವು, ನೀರು ಸಾಕಷ್ಟಿಲ್ಲದ ಮನೆಗೆ ವಿದೇಶಿ ರಕ್ತ ಮಿತಿಮೀರಿದ ಹಸು ತಂದರೆ ಅದರ ಹಾಲಿನ ಆಸೆ ಪೂರೈಸುವಷ್ಟು ಮೇವು ಹಾಕಲಾಗದೆ ಅದು ಮೈ ಕರಗಿಸಿಕೊಳ್ಳುತ್ತದೆ, ಗೊಡ್ಡು ಬೀಳುತ್ತದೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡದಂಥ ತಳಿಗಳನ್ನು ಅವುಗಳದೇ ಹೋರಿಗಳಿಂದ ಉಳಿಸಿಕೊಳ್ಳಬೇಕು. ತಂದೆ ಹೋರಿಯ ವೀರ್ಯವನ್ನೇ ಮಗಳಿಗೂ ಕೊಡಿಸದಂತೆ ನಳಿಕೆಯ ಮೇಲಿನ ಹೋರಿ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಮಿಶ್ರತಳಿ ಪಡ್ಡೆಗೆ ವಯಸ್ಸು ನೋಡಿ ಅವಸರ ಮಾಡದೆ, 250 ಕಿಲೋದಷ್ಟು ತೂಕ ಬಂದ ಮೇಲೆ ಸೂಜಿ ಹಾಕಿಸಬೇಕು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಬ್ರುಸೆಲ್ಲೋಸಿಸ್ ಲಸಿಕೆ ಹಾಕಿಸಿದರೆ ಮುಂದೆ ಕಂದು ಹಾಕುವ ಭಯ ತಗ್ಗುತ್ತದೆ.

ತಳಿಶಾಸ್ತ್ರದ ಒಂದು ಅಂಕಿಯನ್ನು ಇಲ್ಲಿ ನೆನೆಯಬೇಕು. ಹಸು ಹಸುವಿನ ನಡುವೆ ಫಲವಂತಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶದಿಂದ ಬರುವ ಪಾಲು ಸಾಮಾನ್ಯವಾಗಿ ಶೇಕಡಾ 5ಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಮೇವು, ಹವೆ, ರೋಗ, ಆರೈಕೆ, ಬೆದೆಯ ಮೇಲಿನ ಕಣ್ಣು. ಹುಟ್ಟಾ ಗೊಡ್ಡು ಎಂಬ ಹಣೆಪಟ್ಟಿ ಹೊತ್ತು ಸಂತೆಗೆ ಹೋಗುವ ಬಹುಪಾಲು ಹಸುಗಳು ಹುಟ್ಟಿನಿಂದ ಗೊಡ್ಡಲ್ಲ.

ಹಾಗಾದರೆ ಈ ಜ್ಞಾನ ತಲುಪಬೇಕಾದ್ದು ಯಾರಿಗೆ? ನಮ್ಮ ಹಳ್ಳಿಗಳಲ್ಲಿ ಹಾಲು ಕರೆಯುವವರು, ಸಗಣಿ ಬಾಚುವವರು, ಗೊಂತಿಗೆ ಮೇವು ಹಾಕುವವರು ಬಹುತೇಕ ಹೆಂಗಸರು. ಹಾಲು ಅರ್ಧ ಲೀಟರ್ ಇಳಿದದ್ದು, ಬಾಲಕ್ಕೆ ಲೋಳೆ ಅಂಟಿದ್ದು ಮೊದಲು ಕಾಣುವುದು ಅವರಿಗೆ. ಆದರೆ ತರಬೇತಿಗೆ ಹೋಗುವವರು, ಸೂಜಿ ಹಾಕುವವರಿಗೆ ಫೋನು ಮಾಡುವವರು ಹೆಚ್ಚಾಗಿ ಗಂಡಸರು. ಹಾಲಿನ ಸಂಘಗಳು ಕೊಡುವ ಪುಸ್ತಕದಲ್ಲಿ ಲೀಟರಿಗೆ, ಫ್ಯಾಟಿಗೆ ಕಾಲಂ ಇದೆ. ಅದೇ ಪುಸ್ತಕದಲ್ಲಿ ಕರು ಹಾಕಿದ ದಿನ, ಬೆದೆ ಕಂಡ ದಿನ, ಸೂಜಿ ಹಾಕಿಸಿದ ದಿನ, ಹೋರಿ ಸಂಖ್ಯೆ ಎಂಬ ನಾಲ್ಕು ಕಾಲಂ ಸೇರಿಸಿ, ಬರೆಯುವುದನ್ನೂ ಬೆನ್ನು ಮುಟ್ಟಿ ಅಂಕ ಕೊಡುವುದನ್ನೂ ಆ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟರೆ, ದುಬಾರಿ ಹಾರ್ಮೋನ್ ಇಂಜೆಕ್ಷನ್ನು ಬೇಕಾಗುವ ಹಸುಗಳ ಸಂಖ್ಯೆಯೇ ಇಳಿಯುತ್ತದೆ. ಇಂದು ಹಾಲು ಬತ್ತಿಸಿದ ಹಸುವಿನ ಮುಂದಿನ ವರ್ಷದ ಕರು ಇಂದಿನಿಂದಲೇ ತೀರ್ಮಾನವಾಗುತ್ತಿದೆ. ಆ ತೀರ್ಮಾನದಲ್ಲಿ ನಮ್ಮ ಕೈಯಲ್ಲಿರುವ ಪಾಲೇ ದೊಡ್ಡದು.